ಅರಿವು ಬೆಳೆಯುವ ಬಗೆ

“ತಾನು ಹಿಡಿದ ಮೊಲಕ್ಕೆ ಮೂರೇ ಕಾಲು” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮೊಲವನ್ನು ಎದುರಿಗೆ ತಂದು ನಿಲ್ಲಿಸಿ, ಒಂದೊಂದಾಗಿ ಕಾಲೆಣಿಸಿ ತೋರಿಸಿದರೂ ಅದನ್ನು ಹಿಡಿದವನು ಸೋಲೊಪ್ಪುವುದಿಲ್ಲ. ನಾಲ್ಕನೆಯದು ಕಾಲೇ ಅಲ್ಲ ಎಂದಾನು. ನಿನ್ನ ಕಣ್ಣಿನಲ್ಲೇ ದೋಷವಿದೆ ಎಂದಾನು. ಕೊನೆಗೆ, ಎಣಿಸಲು ನೀನು ಯಾರೆಂದು ಕೇಳಿಯಾನು. ಈ ಗಾದೆಯನ್ನು ನಾವು ನೆರೆಹೊರೆಯವರನ್ನು ಕುರಿತು ಹೇಳುತ್ತೇವೆಯೇ ಹೊರತು ನಮ್ಮನ್ನು ಕುರಿತು ಹೇಳಿಕೊಳ್ಳುವುದಿಲ್ಲ. ಇದಕ್ಕೆ ಪ್ರತಿಯಾಗಿ ಹಿರಿಯರು ಇನ್ನೊಂದು ಮಾತನ್ನೂ ಆಡಿಟ್ಟಿದ್ದಾರೆ: “ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು.” ಒಂದು ಗಾದೆ ಮನುಷ್ಯನ ಸ್ವಭಾವವನ್ನು ಹೇಳುತ್ತದೆ, ಇನ್ನೊಂದು, ಆ ಸ್ವಭಾವಕ್ಕೆ ಮದ್ದನ್ನು ಹೇಳುತ್ತದೆ.

ಮನುಷ್ಯನ ಅರಿವು ಬೆಳೆಯುವುದು ಹೇಗೆ? ಕಾಳಿಗೆ ಕಾಳು ಸೇರಿ ಕಣಜ ತುಂಬುವಂತೆ, ಅನುಭವಕ್ಕೆ ಅನುಭವ ಸೇರಿ ಜ್ಞಾನವಾಗುತ್ತದೆಂಬುದು ಸಾಮಾನ್ಯವಾಗಿ ಎಲ್ಲರೂ ಕೊಡುವ ಉತ್ತರ. ಇಪ್ಪತ್ತನೆಯ ಶತಮಾನದ ದಾರ್ಶನಿಕ ಕಾರ್ಲ್ ಪಾಪರ್ ಈ ಉತ್ತರವನ್ನು ಒಪ್ಪಲಿಲ್ಲ. ಕಣಜ ತುಂಬುವುದಕ್ಕಿಂತ ಮೊದಲು ಕಣದಲ್ಲಿ ತೂರುವ ಕೆಲಸವಿದೆ. ಜೊಳ್ಳು ಹಾರಿಹೋಗದೆ ಗಟ್ಟಿಕಾಳು ಯಾವುದೆಂದು ತಿಳಿಯುವುದಿಲ್ಲ. ಅಂತೆಯೇ ಅರಿವು ಬೆಳೆಯುವುದು ನಮ್ಮ ಅಭಿಪ್ರಾಯಗಳಿಗೆ ಸಾಕ್ಷಿಗಳನ್ನು ಕೂಡಿಡುವುದರಿಂದಲ್ಲ. ಅವುಗಳಲ್ಲಿರುವ ತಪ್ಪನ್ನು ಹುಡುಕಿ ಕಳೆಯುವುದರಿಂದ ಎಂಬುದು ಅವರ ಮತದ ತಿರುಳು. ಇದಕ್ಕೆ ಅವರು ‘ವಿಮರ್ಶಾತ್ಮಕ ವೈಚಾರಿಕತೆ’ ಎಂದು ಹೆಸರಿಟ್ಟರು. ಹೆಸರು ಭಾರವಾಗಿದ್ದರೂ ವಿಷಯ ಪ್ರತಿಯೊಂದು ಮನೆಗೂ ಸಂಬಂಧಪಟ್ಟದ್ದು. ಆದುದರಿಂದ ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ವಿಚಾರ ಮಾಡೋಣ.

ಒಬ್ಬ ಬಾಲಕನ ಮೂರು ಪಾಠಗಳು

ಪಾಪರ್ ಹುಟ್ಟಿದ್ದು 1902ರ ಜುಲೈ 28ರಂದು, ಆಸ್ಟ್ರಿಯದ ರಾಜಧಾನಿ ವಿಯೆನ್ನಾದಲ್ಲಿ. ಮೊದಲನೆಯ ಮಹಾಯುದ್ಧ ಮುಗಿದು, ಸಾಮ್ರಾಜ್ಯ ಉರುಳಿ, ನಗರದಲ್ಲಿ ಹಸಿವು ತಾಂಡವವಾಡುತ್ತಿದ್ದ 1919ರಲ್ಲಿ ಅವರಿಗೆ ಹದಿನಾರು ತುಂಬಿ ಹದಿನೇಳು ನಡೆಯುತ್ತಿತ್ತು. ಆ ಒಂದೇ ವರ್ಷದಲ್ಲಿ ಕಲಿತ ಮೂರು ಪಾಠಗಳು ಅವರ ಇಡೀ ಜೀವನದ ದಾರಿಯನ್ನು ನಿರ್ಧರಿಸಿದವು.

ಮೊದಲನೆಯ ಪಾಠ ರಕ್ತದಲ್ಲಿ ಬರೆದದ್ದು. ಬಡವರ ಕಷ್ಟಕ್ಕೆ ಮರುಗಿದ ಬಾಲಕ ಪಾಪರ್ ಕೆಲವು ತಿಂಗಳ ಮಟ್ಟಿಗೆ ಕಮ್ಯುನಿಸ್ಟರ ಜೊತೆ ಸೇರಿದ್ದರು. ಆ ವರ್ಷದ ಜೂನ್ ತಿಂಗಳಲ್ಲಿ, ಬಂಧಿತರಾದ ಸಂಗಾತಿಗಳನ್ನು ಬಿಡಿಸಲು ಹೊರಟ ನಿರಾಯುಧ ತರುಣರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. ಕ್ರಾಂತಿ ಬೇಗ ಬರಬೇಕಾದರೆ ಇಂಥ ಬಲಿಗಳು ಅನಿವಾರ್ಯವೆಂಬುದು ಸಿದ್ಧಾಂತದ ಸಮಾಧಾನವಾಗಿತ್ತು. ಬಾಲಕನ ಮನಸ್ಸು ಅದನ್ನು ಒಪ್ಪಲಿಲ್ಲ. ಇತರರ ಪ್ರಾಣವನ್ನು ಒತ್ತೆಯಿಡುವಂಥ ಒಂದು ಮತವನ್ನು ತಾನು ಪರೀಕ್ಷಿಸದೆ ನಂಬಿದ್ದೆನೆಂಬ ಪಶ್ಚಾತ್ತಾಪ ಅವರನ್ನು ಕಾಡಿತು. ಪರೀಕ್ಷಿಸದ ನಂಬಿಕೆ ಬುದ್ಧಿಯ ದೋಷವಷ್ಟೇ ಅಲ್ಲ, ನೀತಿಯ ದೋಷವೂ ಹೌದು ಎಂಬುದು ಅಂದು ಅವರಿಗೆ ಹೊಳೆಯಿತು.

ಎರಡನೆಯ ಪಾಠ ಸಿಕ್ಕಿದ್ದು ಮನೋವಿಜ್ಞಾನಿ ಆಲ್ಫ್ರೆಡ್ ಆಡ್ಲರ್ ಅವರ ಬಳಿಯಲ್ಲಿ. ಮನುಷ್ಯನ ವರ್ತನೆಗೆಲ್ಲ ಕೀಳರಿಮೆಯೇ ಮೂಲವೆಂಬುದು ಆಡ್ಲರ್ ಅವರ ಸಿದ್ಧಾಂತ. ಅವರ ಮಕ್ಕಳ ಚಿಕಿತ್ಸಾಲಯದಲ್ಲಿ ಸೇವೆ ಮಾಡುತ್ತಿದ್ದ ಪಾಪರ್, ಆ ಸಿದ್ಧಾಂತಕ್ಕೆ ಅಷ್ಟಾಗಿ ಹೊಂದದಂತೆ ತೋರಿದ ಒಂದು ಮಗುವಿನ ವಿಷಯವನ್ನು ತಿಳಿಸಿದರು. ಆಡ್ಲರ್ ಮಗುವನ್ನು ನೋಡದೆಯೇ, ಕ್ಷಣಾರ್ಧದಲ್ಲಿ ಕೀಳರಿಮೆಯ ವಿವರಣೆಯನ್ನು ಕೊಟ್ಟುಬಿಟ್ಟರು. ಇಷ್ಟು ನಿಶ್ಚಯವಾಗಿ ಹೇಗೆ ಹೇಳುತ್ತೀರೆಂದು ಕೇಳಿದಾಗ ತಮಗಿರುವ ಸಾವಿರ ಪ್ರಸಂಗಗಳ ಅನುಭವವನ್ನು ಮುಂದೆ ಮಾಡಿದರು. ಹಾಗಾದರೆ ಇದೂ ಸೇರಿ ಈಗ ಸಾವಿರದ ಒಂದಾಯಿತಷ್ಟೆ ಎಂದು ತರುಣ ಪಾಪರ್ ಚುಚ್ಚಿದರಂತೆ. ಮೊದಲಿನ ಸಾವಿರ ಪ್ರಸಂಗಗಳೂ ಇದೇ ರೀತಿಯಲ್ಲಿ ಸಾಕ್ಷಿಗಳಾಗಿದ್ದರೆ ಆ ಸಾಕ್ಷಿಗಳಿಗೆ ಬೆಲೆಯೆಷ್ಟು? ಏನೇ ನಡೆದರೂ ತನ್ನ ಪರವೇ ಎಂದು ಸಾಧಿಸಬಲ್ಲ ಸಿದ್ಧಾಂತದ ಈ ಶಕ್ತಿಯೇ ಅದರ ದೌರ್ಬಲ್ಯವಿರಬಹುದಲ್ಲವೆ ಎಂಬ ಸಂದೇಹ ಅವರಲ್ಲಿ ಮೂಡಿತು.

ಮೂರನೆಯ ಪಾಠ ಆಕಾಶದಿಂದ ಬಂದಿತು. ಸೂರ್ಯನಂಥ ಭಾರವಾದ ಕಾಯದ ಪಕ್ಕದಲ್ಲಿ ಹಾದು ಬರುವ ನಕ್ಷತ್ರದ ಬೆಳಕು ಬಾಗುತ್ತದೆ, ಆ ಬಾಗು 1.75 ವಿಕಲೆಯಷ್ಟಿರಬೇಕು ಎಂದು ಐನ್‌ಸ್ಟೈನ್ ಗಣಿಸಿದ್ದರು. ಒಂದು ಡಿಗ್ರಿಯ 3600ನೆಯ ಒಂದು ಭಾಗಕ್ಕೆ ವಿಕಲೆಯೆಂದು ಹೆಸರು. ನ್ಯೂಟನ್ನರ ಮಾರ್ಗದಲ್ಲಿ ಲೆಕ್ಕ ಹಾಕಿದರೆ ಆ ಬಾಗು ಇದರ ಅರ್ಧದಷ್ಟೇ ಬರುತ್ತದೆ. 1919ರ ಮೇ 29ರ ಖಗ್ರಾಸ ಸೂರ್ಯಗ್ರಹಣದಲ್ಲಿ ಇಂಗ್ಲೆಂಡಿನ ಖಗೋಳಜ್ಞರ ಎರಡು ತಂಡಗಳು ಇದನ್ನು ಪರೀಕ್ಷಿಸಿದವು. ಆರ್ಥರ್ ಎಡಿಂಗ್ಟನ್ ಅವರ ತಂಡ ಆಫ್ರಿಕದ ಪಶ್ಚಿಮಕ್ಕಿರುವ ಪ್ರಿನ್ಸಿಪೆ ದ್ವೀಪಕ್ಕೂ ಇನ್ನೊಂದು ತಂಡ ಬ್ರೆಜಿಲ್ ದೇಶದ ಸೊಬ್ರಾಲ್ ಪಟ್ಟಣಕ್ಕೂ ಹೋಗಿದ್ದವು. ಪ್ರಿನ್ಸಿಪೆಯಲ್ಲಿ 1.61, ಸೊಬ್ರಾಲ್‌ನಲ್ಲಿ 1.98 ವಿಕಲೆಯ ಬಾಗು ಕಂಡುಬಂದಿತು. ನವೆಂಬರ್ 6ರಂದು ಲಂಡನ್ನಿನ ವಿದ್ವತ್ಸಭೆಯಲ್ಲಿ ಇದನ್ನು ಪ್ರಕಟಿಸಿದಾಗ ಜಗತ್ತು ಬೆರಗಾಯಿತು.

ಆದರೆ ಪಾಪರ್ ಅವರನ್ನು ಬೆರಗುಗೊಳಿಸಿದ್ದು ಐನ್‌ಸ್ಟೈನ್ ಗೆದ್ದರೆಂಬ ಸಂಗತಿಯಲ್ಲ; ಸೋಲಲು ಅವರು ಸಿದ್ಧರಾಗಿದ್ದರೆಂಬ ಸಂಗತಿ. ಇಂತಿಂಥ ಪರೀಕ್ಷೆಯಲ್ಲಿ ಇಂತಿಂಥ ಫಲ ಬಾರದಿದ್ದರೆ ನನ್ನ ಸಿದ್ಧಾಂತವನ್ನು ಕೈಬಿಡಬೇಕಾಗುತ್ತದೆಂದು ಅವರು ಮೊದಲೇ ಒಪ್ಪಿಕೊಂಡಿದ್ದರು. ಒಬ್ಬರ ಸಿದ್ಧಾಂತಕ್ಕೆ ಸಾವಿರ ಸಾಕ್ಷಿಗಳಿದ್ದವು, ಅಪಾಯ ಒಂದೂ ಇರಲಿಲ್ಲ. ಇನ್ನೊಬ್ಬರು ತಮ್ಮ ಸಿದ್ಧಾಂತವನ್ನೇ ಅಪಾಯಕ್ಕೆ ಒಡ್ಡಿದ್ದರು. ವಿಜ್ಞಾನದ ಲಕ್ಷಣ ಯಾವುದೆಂಬುದು ಬಾಲಕನಿಗೆ ಅಂದು ಸ್ಪಷ್ಟವಾಯಿತು.

ವ್ಯಾಪ್ತಿಯ ತೊಡಕು

ಇಲ್ಲಿ ತರ್ಕಶಾಸ್ತ್ರದ ಒಂದು ಹಳೆಯ ತೊಡಕನ್ನು ನೆನೆಯಬೇಕು. ಹೊಗೆಯಿರುವಲ್ಲೆಲ್ಲ ಬೆಂಕಿಯಿರುತ್ತದೆಂಬ ವ್ಯಾಪ್ತಿಯನ್ನು ನೈಯಾಯಿಕರು ಅನುಮಾನ ಪ್ರಮಾಣದ ಆಧಾರವೆಂದು ಹೇಳುತ್ತಾರೆ. ಚಾರ್ವಾಕರು ಇದಕ್ಕೆ ಆಕ್ಷೇಪವೆತ್ತಿದರು: ನೀವು ನೋಡಿದ್ದು ಕೆಲವು ಅಡಿಗೆಮನೆಗಳನ್ನು, ಕೆಲವು ಬೆಟ್ಟಗಳನ್ನು, ಎಲ್ಲ ಕಾಲದ, ಎಲ್ಲ ದೇಶದ ಹೊಗೆಯನ್ನು ನೋಡಿದವರು ಯಾರು? ಹದಿನಾಲ್ಕನೆಯ ಶತಮಾನದ ‘ಸರ್ವದರ್ಶನಸಂಗ್ರಹ’ದಲ್ಲಿ ಮಾಧವಾಚಾರ್ಯರು ಈ ಆಕ್ಷೇಪವನ್ನು ವಿಸ್ತಾರವಾಗಿ ಸಂಗ್ರಹಿಸಿ ಕೊಟ್ಟಿದ್ದಾರೆ. ಯುರೋಪಿನಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1739ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಇದೇ ಸಮಸ್ಯೆಯನ್ನು ಸ್ವತಂತ್ರವಾಗಿ ಎತ್ತಿದರು. ನಿನ್ನೆಯವರೆಗೆ ನಡೆದದ್ದೆಲ್ಲ ನಾಳೆಯೂ ನಡೆಯುವುದೆಂದು ತರ್ಕದಿಂದ ಸಾಧಿಸಲಾಗುವುದಿಲ್ಲ. ಅದು ಅಭ್ಯಾಸಬಲದ ನಂಬಿಕೆ ಮಾತ್ರ ಎಂಬುದು ಅವರ ನಿಲುವು.

ಹಂಸದ ದೃಷ್ಟಾಂತ ಪ್ರಸಿದ್ಧವಾಗಿದೆ. ಯುರೋಪಿನ ಜನರು ಶತಮಾನಗಳ ಕಾಲ ಕಂಡ ಹಂಸಗಳೆಲ್ಲ ಬಿಳಿಯವೇ. ಹಂಸವೆಂದರೆ ಬಿಳಿಯೆಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. 1697ರಲ್ಲಿ ವಿಲ್ಲೆಮ್ ಡ ವ್ಲಾಮಿಂಗ್ ಎಂಬ ಡಚ್ ನಾವಿಕನ ತಂಡ ಆಸ್ಟ್ರೇಲಿಯದ ಪಶ್ಚಿಮ ತೀರದ ಒಂದು ನದಿಯಲ್ಲಿ ಕಪ್ಪು ಹಂಸಗಳನ್ನು ಕಂಡಿತು. ಲಕ್ಷಾಂತರ ಬಿಳಿಯ ಹಂಸಗಳು ಸಾಧಿಸಲಾರದೆ ಹೋದ ಮಾತನ್ನು ಒಂದೇ ಒಂದು ಕಪ್ಪು ಹಂಸ ಮುರಿಯಿತು.

ಪಾಪರ್ ಅವರ ಪ್ರತಿಭೆ ಕೆಲಸ ಮಾಡಿದ್ದು ಇಲ್ಲಿಯೇ. ಸಾರ್ವತ್ರಿಕವಾದ ಮಾತನ್ನು ಎಷ್ಟು ಸಾಕ್ಷಿಗಳಿಂದಲೂ ಪೂರ್ತಿಯಾಗಿ ಸಾಧಿಸಲಾಗುವುದಿಲ್ಲ. ಆದರೆ ವಿರುದ್ಧವಾದ ಒಂದೇ ಸಾಕ್ಷಿಯಿಂದ ಅದನ್ನು ಅಲ್ಲಗಳೆಯಬಹುದು. ಹಾಗಿದ್ದ ಮೇಲೆ ಸಾಧನೆಯ ಬೆನ್ನು ಹತ್ತುವುದೇಕೆ? ಧೈರ್ಯವಾಗಿ ಊಹಿಸೋಣ, ಊಹೆಯನ್ನು ಸಾಧ್ಯವಿದ್ದಷ್ಟು ಕಠಿಣವಾಗಿ ಪರೀಕ್ಷಿಸೋಣ, ಬಿದ್ದುಹೋದರೆ ಅದರಿಂದ ಕಲಿತು ಮೇಲಾದ ಊಹೆಯನ್ನು ಕಟ್ಟೋಣ, ಉಳಿದುಕೊಂಡರೆ, ಸದ್ಯಕ್ಕೆ ಉಳಿದಿದೆಯೆಂದು ವಿನಯದಿಂದ ಇಟ್ಟುಕೊಳ್ಳೋಣ. 1934ರ ಕೊನೆಯಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದ ಅವರ ಮೊದಲ ಗ್ರಂಥದ ಪ್ರತಿಪಾದನೆ ಇದು. ಅದರ ಇಂಗ್ಲಿಷ್ ರೂಪ ಹೊರಬಂದದ್ದು 1959ರಲ್ಲಿ. ಮುಂದೆ ಅವರು ಇದನ್ನು ನಾಲ್ಕು ಮೆಟ್ಟಿಲುಗಳಾಗಿ ಹೇಳಿದರು: ಮೊದಲು ಸಮಸ್ಯೆ, ಅದಕ್ಕೊಂದು ತಾತ್ಕಾಲಿಕ ಪರಿಹಾರ, ಆ ಪರಿಹಾರದ ದೋಷನಿವಾರಣೆ, ಅದರಿಂದ ಹುಟ್ಟುವ ಹೊಸ ಸಮಸ್ಯೆ. ಹೊಸ ಸಮಸ್ಯೆ ಹಳೆಯದಕ್ಕಿಂತ ಆಳವಾಗಿದ್ದರೆ ನಮ್ಮ ಅರಿವು ಬೆಳೆದಿದೆಯೆಂದು ಅರ್ಥ.

ಹೆರಿಗೆ ಮನೆಯ ಸಾಕ್ಷಿ

ಇದು ಬರಿಯ ತರ್ಕದ ಕಸರತ್ತಲ್ಲವೆಂಬುದಕ್ಕೆ ಪಾಪರ್ ಹುಟ್ಟಿದ ಅದೇ ವಿಯೆನ್ನಾ ನಗರದಲ್ಲಿ, ಅವರಿಗಿಂತ ಅರ್ಧ ಶತಮಾನ ಹಿಂದೆ ನಡೆದ ಒಂದು ಪ್ರಸಂಗ ಸಾಕ್ಷಿಯಾಗಿದೆ. ಊಹೆ ಮತ್ತು ಪರೀಕ್ಷೆಗಳ ನಡುವೆ ಎಷ್ಟು ತಾಯಂದಿರ ಜೀವ ನಿಂತಿತ್ತೆಂಬುದನ್ನು ಅದು ತೋರಿಸುತ್ತದೆ.

ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳಿಗೂ ಎರಡನೆಯದರಲ್ಲಿ ಸೂಲಗಿತ್ತಿಯರಿಗೂ ಶಿಕ್ಷಣ ನಡೆಯುತ್ತಿತ್ತು. 1846ರಲ್ಲಿ ಮೊದಲನೆಯ ವಿಭಾಗದಲ್ಲಿ ನೂರಕ್ಕೆ ಹನ್ನೊಂದಕ್ಕೂ ಹೆಚ್ಚು ತಾಯಂದಿರು ಬಾಣಂತಿ ಜ್ವರದಿಂದ ಸತ್ತರು. ಎರಡನೆಯದರಲ್ಲಿ ನೂರಕ್ಕೆ ಮೂರರಷ್ಟೂ ಇಲ್ಲ. ಈ ಸುದ್ದಿ ಊರಿಗೆಲ್ಲ ಹಬ್ಬಿತ್ತು. ಮೊದಲನೆಯ ವಿಭಾಗಕ್ಕೆ ಸೇರಿಸಬೇಡಿರೆಂದು ಗರ್ಭಿಣಿಯರು ಮೊಳಕಾಲೂರಿ ಬೇಡುತ್ತಿದ್ದರು. ಅಲ್ಲಿ ಸಹಾಯಕ ವೈದ್ಯರಾಗಿದ್ದ ಇಗ್ನಾಜ್ ಸೆಮ್ಮೆಲ್ವೈಸ್ ಅವರನ್ನು ಈ ದೃಶ್ಯ ನಿದ್ದೆಗೆಡಿಸಿತು.

ಕಾರಣವೇನು? ಊಹೆಗಳಿಗೆ ಕೊರತೆಯಿರಲಿಲ್ಲ. ಗಾಳಿಯಲ್ಲಿರುವ ವಿಷವೆಂದು ಕೆಲವರು. ಹಾಗಿದ್ದರೆ ಒಂದೇ ಆಸ್ಪತ್ರೆಯ ಎರಡು ವಿಭಾಗಗಳಿಗೆ ಬೇರೆ ಬೇರೆ ಗಾಳಿಯೆ? ಆಸ್ಪತ್ರೆಗೆ ಬರುವ ದಾರಿಯಲ್ಲೇ ಹೆತ್ತ ಹೆಂಗಸರಲ್ಲಿ ಜ್ವರ ಕಡಿಮೆ ಏಕೆ? ಜನಸಂದಣಿಯೆಂದು ಕೆಲವರು. ನೋಡಿದರೆ ಎರಡನೆಯ ವಿಭಾಗದಲ್ಲೇ ಸಂದಣಿ ಹೆಚ್ಚು. ವಿದ್ಯಾರ್ಥಿಗಳ ಒರಟು ಪರೀಕ್ಷೆಯೇ ಕಾರಣವೆಂದು ಒಂದು ಸಮಿತಿ ಹೇಳಿತು. ಅವರ ಸಂಖ್ಯೆಯನ್ನು ಅರ್ಧಕ್ಕಿಳಿಸಲಾಯಿತು. ಸಾವು ಸ್ವಲ್ಪ ಇಳಿದಂತೆ ಕಂಡು ಮತ್ತೆ ಮೊದಲಿಗಿಂತ ಹೆಚ್ಚಾಯಿತು. ಸಾಯುವವರಿಗೆ ಕೊನೆಯ ಸಂಸ್ಕಾರ ಕೊಡಲು ಪಾದ್ರಿಗಳು ಗಂಟೆ ಬಾರಿಸುತ್ತ ಮೊದಲನೆಯ ವಿಭಾಗದ ಮೂಲಕ ಹಾದು ಹೋಗುತ್ತಿದ್ದರು. ಆ ಭಯದಿಂದಲೇ ಜ್ವರ ಬರುವುದೆಂದು ಇನ್ನು ಕೆಲವರು. ಸೆಮ್ಮೆಲ್ವೈಸ್ ಪಾದ್ರಿಗಳನ್ನು ಬೇಡಿಕೊಂಡು ಬೇರೆ ದಾರಿಯಿಂದ, ಗಂಟೆಯಿಲ್ಲದೆ ಬರುವಂತೆ ಮಾಡಿದರು. ಸಾವು ಇಳಿಯಲಿಲ್ಲ. ಹೆರಿಗೆಯ ಕಾಲದಲ್ಲಿ ಮಲಗುವ ಭಂಗಿಯನ್ನು ಬದಲಿಸಿ ನೋಡಿದರು. ಅದರಿಂದಲೂ ಫಲವಾಗಲಿಲ್ಲ.

ಈ ಸೋಲುಗಳನ್ನು ವ್ಯರ್ಥಶ್ರಮವೆಂದು ಭಾವಿಸಬಾರದು. ಒಂದೊಂದು ಊಹೆ ಬಿದ್ದಂತೆ ಒಂದೊಂದು ತಪ್ಪುದಾರಿ ಮುಚ್ಚುತ್ತಿತ್ತು. 1847ರ ಮಾರ್ಚಿಯಲ್ಲಿ ಅವರ ಮಿತ್ರರಾದ ಪ್ರಾಧ್ಯಾಪಕ ಕೊಲ್ಲೆಚ್ಕ ತೀರಿಕೊಂಡರು. ಶವಪರೀಕ್ಷೆಯ ವೇಳೆಯಲ್ಲಿ ವಿದ್ಯಾರ್ಥಿಯೊಬ್ಬನ ಕತ್ತಿ ತಗುಲಿ ಅವರಿಗೆ ಗಾಯವಾಗಿತ್ತು. ಅವರ ಕಾಯಿಲೆಯ ಲಕ್ಷಣಗಳು ಬಾಣಂತಿ ಜ್ವರದ ಲಕ್ಷಣಗಳನ್ನೇ ಹೋಲುತ್ತಿದ್ದವು. ಆಗ ಸೆಮ್ಮೆಲ್ವೈಸ್ ಅವರಿಗೆ ಒಂದು ಭಯಂಕರವಾದ ಊಹೆ ಹೊಳೆಯಿತು: ಬೆಳಿಗ್ಗೆ ಶವಗಳನ್ನು ಕೊಯ್ದು, ಮೇಲೆ ಮೇಲೆ ಕೈ ತೊಳೆದು, ನೇರವಾಗಿ ಗರ್ಭಿಣಿಯರನ್ನು ಪರೀಕ್ಷಿಸಲು ಬರುವ ವೈದ್ಯರೇ ಸಾವನ್ನು ತಮ್ಮ ಕೈಯಲ್ಲಿ ಹೊತ್ತು ತರುತ್ತಿದ್ದಾರೆ! ಸೂಲಗಿತ್ತಿಯರು ಶವ ಕೊಯ್ಯುವುದಿಲ್ಲ. ಎರಡನೆಯ ವಿಭಾಗದಲ್ಲಿ ಸಾವು ಕಡಿಮೆಯಿರುವುದು ಅದರಿಂದಲೇ. ಆ ವೈದ್ಯರಲ್ಲಿ ತಾವೂ ಒಬ್ಬರಲ್ಲವೆ? ತಮ್ಮ ಕೈಯಿಂದಲೇ ಎಷ್ಟು ತಾಯಂದಿರು ಸತ್ತರೋ ಎಂಬ ಪ್ರಶ್ನೆಯನ್ನು ಅವರು ಮರೆಮಾಚಲಿಲ್ಲ. ತನ್ನನ್ನೇ ಅಪರಾಧಿಯಾಗಿಸುವ ಊಹೆಯನ್ನು ಪರೀಕ್ಷೆಗೊಡ್ಡುವುದಕ್ಕಿಂತ ದೊಡ್ಡ ಸತ್ಯನಿಷ್ಠೆ ಯಾವುದಿದೆ?

ಮೇ ತಿಂಗಳಿಂದ, ಕ್ಲೋರಿನ್ ಬೆರೆತ ನೀರಿನಲ್ಲಿ ಕೈ ತೊಳೆಯದೆ ಯಾರೂ ಗರ್ಭಿಣಿಯರನ್ನು ಮುಟ್ಟಕೂಡದೆಂದು ಅವರು ಕಟ್ಟಳೆ ಮಾಡಿದರು. ಮುಂದೆ ಇದಕ್ಕೆ ಬಳಸಿದ ಪದಾರ್ಥ, ಇಂದು ನಮ್ಮ ಊರುಗಳಲ್ಲಿ ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯೇ. ಏಪ್ರಿಲ್‌ನಲ್ಲಿ ನೂರಕ್ಕೆ ಹದಿನೆಂಟರಷ್ಟಿದ್ದ ಸಾವು ಜೂನ್ ವೇಳೆಗೆ ನೂರಕ್ಕೆ ಎರಡರ ಸಮೀಪಕ್ಕಿಳಿಯಿತು. 1848ರಲ್ಲಿ ಎರಡೂ ವಿಭಾಗಗಳ ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಯಿತು. ನೂರಕ್ಕೆ ಒಂದೂಕಾಲು ಒಂದೂವರೆಯ ಒಳಗೆ.

ಆದರೆ ಈ ಊಹೆಯೂ ಪೂರ್ಣವಾಗಿರಲಿಲ್ಲ. 1847ರ ಅಕ್ಟೋಬರಿನಲ್ಲಿ, ಕೊಳೆತ ಗರ್ಭಕೋಶದ ಹುಣ್ಣಿನ ರೋಗಿಯೊಬ್ಬಳನ್ನು ಪರೀಕ್ಷಿಸಿದ ವೈದ್ಯರು ಮತ್ತೆ ಕ್ಲೋರಿನ್ ನೀರನ್ನು ಬಳಸದೆ ಅದೇ ಕೋಣೆಯ ಹನ್ನೆರಡು ಹೆಂಗಸರನ್ನು ಪರೀಕ್ಷಿಸಿದರು. ಹನ್ನೊಂದು ಮಂದಿ ಸತ್ತರು. ವಿಷ ಬರುವುದು ಶವದಿಂದ ಮಾತ್ರವಲ್ಲ, ಬದುಕಿರುವ ದೇಹದ ಕೊಳೆತ ಭಾಗದಿಂದಲೂ ಬರಬಹುದೆಂದು ಸೆಮ್ಮೆಲ್ವೈಸ್ ತಮ್ಮ ಮಾತನ್ನು ತಿದ್ದಿಕೊಂಡರು. ಆ ಕೊಳೆಯಲ್ಲಿ ಅಡಗಿದ್ದದ್ದು ಜೀವಾಣುವೆಂಬುದನ್ನು ಅವರು ಅರಿಯಲಿಲ್ಲ. ಅದನ್ನು 1879ರಲ್ಲಿ ಪ್ಯಾರಿಸ್ಸಿನಲ್ಲಿ ತೋರಿಸಿಕೊಟ್ಟವರು ಲೂಯಿ ಪಾಶ್ಚರ್. ನೋಡಿರಿ: ಗಾಳಿಯ ವಿಷದಿಂದ ಶವದ ಕಣಕ್ಕೆ, ಶವದ ಕಣದಿಂದ ಕೊಳೆತ ಪದಾರ್ಥಕ್ಕೆ, ಅಲ್ಲಿಂದ ಜೀವಾಣುವಿಗೆ. ಪ್ರತಿಯೊಂದು ಮೆಟ್ಟಿಲೂ ಹಿಂದಿನದರ ತಪ್ಪನ್ನು ತಿದ್ದಿದೆ. ಹಿಂದಿನ ಮೆಟ್ಟಿಲಿಲ್ಲದಿದ್ದರೆ ಮುಂದಿನದು ದಕ್ಕುತ್ತಿರಲಿಲ್ಲ.

ಕಥೆಯ ಕೊನೆ ಮಾತ್ರ ದುಃಖಕರ. ಅನೇಕ ಹಿರಿಯ ವೈದ್ಯರು ಈ ಮಾತಿಗೆ ಕಿವಿಗೊಡಲಿಲ್ಲ. ತಮ್ಮ ಪವಿತ್ರವಾದ ಕೈಗಳೇ ಸಾವನ್ನು ತಂದವೆಂದು ಒಪ್ಪುವುದು ಸುಲಭವೆ? 1849ರಲ್ಲಿ ಸೆಮ್ಮೆಲ್ವೈಸ್ ಅವರ ಹುದ್ದೆ ಮುಂದುವರಿಯಲಿಲ್ಲ. ಅವರೂ ತಮ್ಮ ಸಾಕ್ಷ್ಯಾಧಾರಗಳನ್ನು ಕ್ರಮವಾಗಿ ಬರೆದು ಪ್ರಕಟಿಸಲು 1861ರವರೆಗೆ ತಡಮಾಡಿದರು. ಆಮೇಲೆ ಒಪ್ಪದವರನ್ನು ಬಹಿರಂಗ ಪತ್ರಗಳಲ್ಲಿ ಕೊಲೆಗಾರರೆಂದು ಜರೆದರು. 1865ರಲ್ಲಿ ಅವರನ್ನು ಹುಚ್ಚಾಸ್ಪತ್ರೆಗೆ ಸೇರಿಸಲಾಯಿತು. ಅಲ್ಲಿಯೇ, ಗಾಯ ಕೀತು ನಂಜೇರಿ, ತಮ್ಮ ನಲವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡರು. ಸತ್ಯವನ್ನು ಕಾಣುವವನೊಬ್ಬನಿದ್ದರೆ ಸಾಲದು. ಟೀಕೆಯನ್ನು ಸಮಾಧಾನದಿಂದ ಹೇಳುವ ಮತ್ತು ಕೇಳುವ ಸಮುದಾಯವೂ ಇರಬೇಕು. ಅದು ಇಲ್ಲದ ಕಾರಣಕ್ಕೆ ಎಷ್ಟು ತಾಯಂದಿರು ತಿಳಿದೂ ತಿಳಿದೂ ಸಾವಿಗೀಡಾದರೋ!

ನುಣುಚಿಕೊಳ್ಳುವ ಉಪಾಯಗಳು

ಇಷ್ಟು ಕೇಳಿದ ಮೇಲೆ ಒಂದು ಪ್ರಶ್ನೆ ಏಳುತ್ತದೆ. ವಿರುದ್ಧ ಸಾಕ್ಷಿ ಬಂದ ಕೂಡಲೇ ಸಿದ್ಧಾಂತವನ್ನು ಎಸೆದುಬಿಡಬೇಕೆ? ಸಾಕ್ಷಿಯೇ ತಪ್ಪಾಗಿರಬಾರದೇಕೆ? ಪ್ರಶ್ನೆ ನ್ಯಾಯವಾದದ್ದು. ಅಮೆರಿಕದ ತಾಮಸ್ ಕೂನ್ 1962ರ ತಮ್ಮ ಗ್ರಂಥದಲ್ಲಿ, ವಿಜ್ಞಾನಿಗಳು ಹಳೆಯ ಸಿದ್ಧಾಂತವನ್ನು ಅಷ್ಟು ಬೇಗ ಬಿಡುವುದಿಲ್ಲ, ಬಿಡಬೇಕಾದಾಗ ಅದೊಂದು ಕ್ರಾಂತಿಯೇ ಆಗುತ್ತದೆ ಎಂದು ಇತಿಹಾಸದಿಂದ ತೋರಿಸಿದರು.

ಗ್ರಹಗಳ ಚರಿತ್ರೆಯನ್ನೇ ನೋಡೋಣ. 1781ರಲ್ಲಿ ಕಂಡುಹಿಡಿಯಲ್ಪಟ್ಟ ಯುರೇನಸ್ ಗ್ರಹವು ನ್ಯೂಟನ್ನರ ಗಣಿತ ಹೇಳಿದ ದಾರಿಯಲ್ಲಿ ಸರಿಯಾಗಿ ನಡೆಯುತ್ತಿರಲಿಲ್ಲ. ಗಣಿತ ಸುಳ್ಳೆಂದು ಯಾರೂ ಹೇಳಲಿಲ್ಲ. ಕಾಣದ ಇನ್ನೊಂದು ಗ್ರಹ ಅದನ್ನು ಎಳೆಯುತ್ತಿರಬೇಕೆಂದು ಊಹಿಸಿದರು. ಫ್ರಾನ್ಸಿನ ಲವೆರಿಯೆ ಅದು ಎಲ್ಲಿರಬೇಕೆಂದು ಗಣಿಸಿ ತಿಳಿಸಿದರು. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನಲ್ಲಿ ಗಾಲೆ ದೂರದರ್ಶಕವನ್ನು ಅತ್ತ ತಿರುಗಿಸಿದಾಗ, ಹೇಳಿದ ಸ್ಥಳದ ಅತಿ ಸಮೀಪದಲ್ಲೇ ನೆಪ್ಚೂನ್ ದೊರೆಯಿತು. ಬುಧಗ್ರಹದ ನಡೆಯಲ್ಲೂ ಒಂದು ಸಣ್ಣ ವ್ಯತ್ಯಾಸವಿತ್ತು: ಶತಮಾನಕ್ಕೆ ಸುಮಾರು 43 ವಿಕಲೆ. 1859ರಲ್ಲಿ ಅದೇ ಲವೆರಿಯೆ, ಸೂರ್ಯನ ಬಳಿ ಇನ್ನೂ ಗ್ರಹವೋ ಗ್ರಹಗಳ ಗುಂಪೋ ಇರಬೇಕೆಂದರು. ಅದಕ್ಕೆ ವಲ್ಕನ್ ಎಂದು ಹೆಸರೂ ಬಂದಿತು. ದಶಕಗಳ ಕಾಲ ಹುಡುಕಿದರೂ ವಲ್ಕನ್ ಸಿಗಲಿಲ್ಲ; ಏಕೆಂದರೆ ಅದು ಇರಲೇ ಇಲ್ಲ. 1915ರಲ್ಲಿ ಐನ್‌ಸ್ಟೈನರ ಹೊಸ ಸಿದ್ಧಾಂತ ಆ 43 ವಿಕಲೆಗಳಿಗೆ ಲೆಕ್ಕ ಕೊಟ್ಟಿತು.

ಒಂದೇ ಉಪಾಯ ಒಂದು ಕಡೆ ಗೆದ್ದಿತು, ಇನ್ನೊಂದು ಕಡೆ ಸೋತಿತು. ಎರಡೂ ಕಡೆ ಅದು ಪ್ರಾಮಾಣಿಕವೇ ಆಗಿತ್ತು. ಏಕೆಂದರೆ ಎಲ್ಲಿ ನೋಡಬೇಕೆಂಬುದನ್ನು ಅದು ಹೇಳಿತು. ನೋಡಿ ಪರೀಕ್ಷಿಸಲು ಅವಕಾಶ ಕೊಟ್ಟಿತು. ಪಾಪರ್ ಆಕ್ಷೇಪಿಸಿದ್ದು ಇಂಥ ಊಹೆಗಳನ್ನಲ್ಲ. ಸೋಲನ್ನು ತಪ್ಪಿಸಿಕೊಳ್ಳಲೆಂದೇ ಹೂಡುವ, ಯಾವ ಪರೀಕ್ಷೆಗೂ ಸಿಕ್ಕದ ಸಮಜಾಯಿಷಿಗಳನ್ನು. ಮೊಲದ ನಾಲ್ಕನೆಯ ಕಾಲು ಕಾಲೇ ಅಲ್ಲ ಎನ್ನುವುದು ಈ ಜಾತಿಗೆ ಸೇರಿದ್ದು. ಇನ್ನು ಪರೀಕ್ಷೆಯನ್ನೂ ಪರೀಕ್ಷಿಸಬೇಕೆಂಬ ಮಾತು ನಿಜ. 1919ರ ಗ್ರಹಣದ ಕೆಲವು ಚಿತ್ರಗಳು ಮಸಕಾಗಿದ್ದು ಬೇರೆಯೇ ಫಲವನ್ನು ಕೊಟ್ಟಿದ್ದವು. ಅವುಗಳನ್ನು ಬದಿಗಿಟ್ಟದ್ದು ಸರಿಯೆ ಎಂಬ ಚರ್ಚೆ ನಡೆಯಿತು. ಆದುದರಿಂದಲೇ 1922ರ ಗ್ರಹಣದಲ್ಲಿ ಆಸ್ಟ್ರೇಲಿಯದಿಂದ ಮತ್ತೊಮ್ಮೆ ಅಳೆದು ನೋಡಿದರು. ಆಗಲೂ ಐನ್‌ಸ್ಟೈನರ ಲೆಕ್ಕವೇ ನಿಂತಿತು.

ಶ್ರದ್ಧೆಗೆ ಇದು ವೈರಿಯೆ?

ಪರೀಕ್ಷೆಗೆ ಸಿಕ್ಕದ ಮಾತೆಲ್ಲ ಹುಸಿಯೆಂದರೆ ಭಕ್ತಿ, ನೀತಿ, ಸೌಂದರ್ಯಗಳ ಗತಿಯೇನೆಂದು ಶ್ರದ್ಧಾವಂತರಾದ ವಾಚಕರು ಕೇಳಬಹುದು. ಹಾಗೆಂದವರೂ ಅಂದಿನ ವಿಯೆನ್ನಾದಲ್ಲಿದ್ದರು. ‘ವಿಯೆನ್ನಾ ವಲಯ’ವೆಂದು ಹೆಸರಾದ ವಿದ್ವಾಂಸರ ಗುಂಪಿನಲ್ಲಿ, ಅನುಭವದಿಂದ ಪರಿಶೀಲಿಸಲಾಗದ ಮಾತುಗಳು ಅರ್ಥಹೀನವೆಂಬ ಮತ ಪ್ರಬಲವಾಗಿತ್ತು. ಪಾಪರ್ ಅದನ್ನು ಒಪ್ಪಲಿಲ್ಲ. ಖಂಡನೆಗೆ ಸಿಕ್ಕುವುದು ವಿಜ್ಞಾನದ ಗಡಿಗೆರೆಯೇ ಹೊರತು ಅರ್ಥದ ಗಡಿಗೆರೆಯಲ್ಲ ಎಂಬುದು ಅವರ ನಿಲುವು. ಜಗತ್ತು ಅಣುಗಳಿಂದಾಗಿದೆಯೆಂಬ ಗ್ರೀಕರ ಮಾತು ಎರಡು ಸಾವಿರ ವರ್ಷಗಳ ಕಾಲ ಪರೀಕ್ಷೆಗೆ ನಿಲುಕದ ತತ್ತ್ವವಾಗಿಯೇ ಇದ್ದಿತು. ಆಮೇಲೆ ಅದರಿಂದ ವಿಜ್ಞಾನ ಹುಟ್ಟಿತು.

ಇನ್ನೊಂದು ಮಾತನ್ನೂ ಅವರು ಮುಚ್ಚಿಡಲಿಲ್ಲ. ವಿಚಾರಕ್ಕೆ ತಲೆಬಾಗಬೇಕೆಂಬುದನ್ನು ವಿಚಾರದಿಂದಲೇ ಸಾಧಿಸಲಾಗುವುದಿಲ್ಲ. ಕಿವುಡಾಗಿ ಕುಳಿತವನಿಗೆ ಯಾವ ವಾದವೂ ಕೇಳಿಸದು. ಆದುದರಿಂದ ಟೀಕೆಗೆ ಕಿವಿಗೊಡುತ್ತೇನೆಂಬುದು ಒಂದು ನೈತಿಕ ಸಂಕಲ್ಪ. ಒಂದು ಬಗೆಯ ಶ್ರದ್ಧೆಯೇ. ನಾನು ತಪ್ಪಿರಬಹುದು, ನೀನು ಸರಿಯಿರಬಹುದು, ಇಬ್ಬರೂ ಸೇರಿ ಪ್ರಯತ್ನಿಸಿದರೆ ಸತ್ಯಕ್ಕೆ ಹತ್ತಿರವಾಗಬಹುದೆಂಬ ವಿನಯವೇ ಅದರ ಸಾರ.

ಸತ್ಯವೆಂಬುದಿಲ್ಲ, ಎಲ್ಲರ ಮಾತೂ ಸರಿ ಎಂಬ ಉದಾಸೀನವೂ ಇದಲ್ಲ. ಸತ್ಯವಿದೆಯೆಂದು ನಂಬಿದವನಿಗಷ್ಟೇ ತಾನು ತಪ್ಪಿರಬಹುದೆಂಬ ಎಚ್ಚರವಿರಲು ಸಾಧ್ಯ. ಗುರಿಯೇ ಇಲ್ಲದವನಿಗೆ ದಾರಿ ತಪ್ಪುವ ಭಯವೆಲ್ಲಿಯದು?

ಈ ವಿನಯ ಇಲ್ಲದಾಗ ಏನಾಗುತ್ತದೆಂಬುದನ್ನು ಅವರು ಕಣ್ಣಾರೆ ಕಂಡರು. ಯೆಹೂದಿ ಮೂಲದ ಕುಟುಂಬದಲ್ಲಿ ಹುಟ್ಟಿದ ಅವರು 1937ರಲ್ಲಿ ದೇಶ ಬಿಟ್ಟು ದೂರದ ನ್ಯೂಜಿಲೆಂಡಿನಲ್ಲಿ ಅಧ್ಯಾಪಕರಾದರು. ಮರುವರ್ಷದ ಮಾರ್ಚಿಯಲ್ಲಿ ಹಿಟ್ಲರನು ಆಸ್ಟ್ರಿಯವನ್ನು ನುಂಗಿದನು. ಆಗ ಬರೆಯತೊಡಗಿ 1945ರಲ್ಲಿ ಪ್ರಕಟಿಸಿದ ‘ಮುಕ್ತ ಸಮಾಜ ಮತ್ತು ಅದರ ಶತ್ರುಗಳು’ ಎಂಬ ಗ್ರಂಥದಲ್ಲಿ ತಮ್ಮ ತತ್ತ್ವವನ್ನು ರಾಜ್ಯಕ್ಕೂ ಅನ್ವಯಿಸಿದರು. ಯಾರು ಆಳಬೇಕೆಂಬುದಕ್ಕಿಂತ, ಕೆಟ್ಟ ಆಳ್ವಿಕೆಯನ್ನು ರಕ್ತಪಾತವಿಲ್ಲದೆ ಬದಲಿಸುವುದು ಹೇಗೆ ಎಂಬುದೇ ಮುಖ್ಯವಾದ ಪ್ರಶ್ನೆ ಎಂದರು. ರಾಜನೀತಿಯಲ್ಲೂ ತಪ್ಪು ತಿದ್ದಿಕೊಳ್ಳುವ ದಾರಿ ತೆರೆದಿರಬೇಕೆಂಬುದೇ ಇದರ ಅರ್ಥ. 1946ರಿಂದ ಲಂಡನ್ನಿನಲ್ಲಿ ಬೋಧಿಸಿ, 1994ರ ಸೆಪ್ಟೆಂಬರ್ 17ರಂದು ಅವರು ಕಾಲವಾದರು.

ಮನೆಯಂಗಳದಲ್ಲಿ

ಶಾಸ್ತ್ರ ಓದಿದ ನಮ್ಮಂಥವರು ಪೂರ್ವಪಕ್ಷವನ್ನು ಮೊದಲು ಹೇಳಿ, ಆಮೇಲೆ ಸಿದ್ಧಾಂತವನ್ನು ಮಂಡಿಸುವ ಕ್ರಮವನ್ನು ಬಾಲ್ಯದಿಂದ ಕಲಿತವರು. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಬೇಕೆಂಬುದು ಆ ಪದ್ಧತಿಯ ಹಿರಿಮೆ. ಆದರೆ ಒಂದು ಮಾತನ್ನು ಒಪ್ಪಲೇಬೇಕು. ವಾಕ್ಯಾರ್ಥದ ಸಭೆಗಳಲ್ಲಿ ಎದುರಿನವರ ತಪ್ಪನ್ನು ಹುಡುಕಲು ಸವೆಸಿದ ಬುದ್ಧಿಯ ಹತ್ತರಲ್ಲಿ ಒಂದು ಪಾಲನ್ನೂ ನಾವು ನಮ್ಮ ತಪ್ಪನ್ನು ಹುಡುಕಲು ಬಳಸಲಿಲ್ಲ. ಸೋತು ಕಲಿತವರಿಗಿಂತ ಗೆದ್ದು ಕಲಿಯದೆ ಉಳಿದವರೇ ಹೆಚ್ಚು. ಪಾಪರ್ ಅವರಿಂದ ಇಳಿವಯಸ್ಸಿನಲ್ಲಿ ಕಲಿಯಬೇಕಾದ ಪಾಠ ಇದೇ: ಪೂರ್ವಪಕ್ಷವನ್ನು ಹೊರಗೆ ಹುಡುಕಬೇಕಾಗಿಲ್ಲ, ನನ್ನ ಸಿದ್ಧಾಂತದ ಒಳಗೇ ಅದು ಕುಳಿತಿರುತ್ತದೆ.

ಗೃಹಸ್ಥರಿಗೂ ಇದರಲ್ಲಿ ಕೆಲಸವಿದೆ. ಮಗು ಪ್ರಶ್ನೆ ಕೇಳಿದಾಗ “ಹೆಚ್ಚಿಗೆ ಮಾತಾಡಬೇಡ” ಎನ್ನುವ ಬದಲು “ನೀನೇನು ತಿಳಿದಿದ್ದೀ? ಅದು ಸರಿಯೋ ತಪ್ಪೋ ಹೇಗೆ ನೋಡೋಣ?” ಎಂದು ಕೇಳಬಾರದೆ? ಸೊಸೆಯೋ ಮೊಮ್ಮಗನೋ ನಮ್ಮ ಮಾತಿನಲ್ಲಿ ತಪ್ಪು ತೋರಿಸಿದಾಗ “ಹೌದು, ನಾನು ತಪ್ಪಿದೆ” ಎಂದರೆ ಹಿರಿತನ ಕುಂದುವುದಿಲ್ಲ. ಮನೆಯ ಮಕ್ಕಳಿಗೆ ಅದು ಹತ್ತು ಪುಸ್ತಕಗಳು ಕಲಿಸದ ಪಾಠವನ್ನು ಕಲಿಸುತ್ತದೆ. ಒಂದು ಮದ್ದಿನಿಂದ ಗುಣವಾದವರ ಹೆಸರುಗಳನ್ನು ಯಾರಾದರೂ ಸಾಲಾಗಿ ಹೇಳಿದರೆ, ಗುಣವಾಗದವರು ಎಷ್ಟು ಮಂದಿ ಎಂಬ ಒಂದೇ ಪ್ರಶ್ನೆ ಸಾಕು. ಬಿಳಿಯ ಹಂಸಗಳ ಮೆರವಣಿಗೆ ಅಲ್ಲಿಗೆ ನಿಲ್ಲುತ್ತದೆ. ಯಾವುದೇ ಅಭಿಪ್ರಾಯವನ್ನು ಗಟ್ಟಿಯಾಗಿ ಹಿಡಿಯುವ ಮುನ್ನ ನಮ್ಮನ್ನು ನಾವು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಏನನ್ನು ಕಂಡರೆ ನಾನು ಇದನ್ನು ಬಿಡುತ್ತೇನೆ? ಉತ್ತರ ಹೊಳೆಯದಿದ್ದರೆ, ಆ ಅಭಿಪ್ರಾಯವನ್ನು ನಾವು ಹಿಡಿದಿಲ್ಲ; ಅದೇ ನಮ್ಮನ್ನು ಹಿಡಿದಿದೆ.

ಕ್ಷುದ್ರಜೀವಿಯೊಂದು ತಪ್ಪಿದರೆ ತನ್ನ ತಪ್ಪಿನೊಡನೆ ತಾನೂ ಸಾಯುತ್ತದೆ. ಮನುಷ್ಯನಿಗೆ ಮಾತ್ರ ತನ್ನ ಬದಲಾಗಿ ತನ್ನ ತಪ್ಪನ್ನು ಸಾಯಗೊಟ್ಟು ತಾನು ಬದುಕುವ ಭಾಗ್ಯವಿದೆ ಎಂಬುದು ಪಾಪರ್ ಅವರ ಬಹು ದೊಡ್ಡ ಕಾಣ್ಕೆ. ವಿಯೆನ್ನಾದ ಹೆರಿಗೆ ಮನೆಯಲ್ಲಿ ಆ ಭಾಗ್ಯವನ್ನು ಬಳಸಿಕೊಂಡಾಗ ತಾಯಂದಿರು ಬದುಕಿದರು; ನಿರಾಕರಿಸಿದಾಗ ಸತ್ತರು. ಮೊಲಕ್ಕೆ ಕಾಲು ಮೂರೋ ನಾಲ್ಕೋ ಎಂಬುದು ಹಿಡಿದವನ ಮರ್ಯಾದೆಯ ಪ್ರಶ್ನೆಯಲ್ಲ. ಮತ್ತೊಮ್ಮೆ ಎಣಿಸಿ ನೋಡಿದರೆ ಆಯಿತು.